ಮಗಳಿಗೊಂದು ಪತ್ರ: ವ್ಯಾನ್ ಹತ್ತದ ಮಕ್ಕಳು

ಪುಟ್ಟಿ,

ನಿನ್ನ ಮೆಸೇಜ್ ಓದಿದೆ ಕಣೇ. ಫೋನಲ್ಲೇ ಹೇಳಿಬಿಡೋಣ ಅಂದ್ರೆ ಮಳೆ ಹಿಡಿದ ಮೇಲೆ ಇಲ್ಲಿ ನೆಟ್‌ವರ್ಕ್ ಸಿಗೋದು ಮೇಲಿನ ಗುಡ್ಡಕ್ಕೆ ಹೋದ್ರೆ ಮಾತ್ರ, ಅಲ್ಲಿ ಒಂದು ಕೈಲಿ ಕೊಡೆ ಹಿಡ್ಕೊಂಡು ಇನ್ನೊಂದು ಕೈಲಿ ಇಂಬಳ ಕಿತ್ಕೊಳ್ತಾ ಮಾತಾಡೋ ವಿಷಯ ಅಲ್ಲ ಇದು, ಅದಕ್ಕೇ ಕೂತು ಟೈಪ್ ಮಾಡ್ತಿದೀನಿ, ಸಿಗ್ನಲ್ ಬಂದಾಗ ಹೋಗ್ಲಿ. ನಾವು ಊರಲ್ಲಿ ಶುರು ಮಾಡಿರೋ ಶಾಲೇಲಿ ಎಲ್ಲ ಥರದ ಮಕ್ಕಳನ್ನೂ ಒಂದೇ ರೂಮಲ್ಲಿ ಕೂರಿಸಿದ್ರೆ ಚೆನ್ನಾಗಿ ಓದೋ ಮಕ್ಕಳು ಹಿಂದೆ ಬೀಳಲ್ವಾ ಅಂತ ಕೇಳಿದೀಯ, ಜೊತೆಗೆ ರಿಟೈರ್ ಆದ ಮೇಲೆ ನಿಂಗ್ಯಾಕಮ್ಮ ಇದೆಲ್ಲ ಅಂತ. ಎರಡನೇದನ್ನ ನಿಮ್ಮಪ್ಪನ ಹತ್ರ ಕೇಳು, ಅವರು ಗಂಟೆಗಟ್ಲೆ ಹೇಳ್ತಾರೆ. ಮೊದಲನೇದಕ್ಕೆ ನಾನು ಹೇಳ್ತೀನಿ.

ನೀನು ಓದಿದ ಸರ್ಕಾರಿ ಶಾಲೆ ಮಕ್ಕಳಿಲ್ದೆ ಮುಚ್ಚಿದ್ದು ನಿಂಗೆ ಗೊತ್ತು. ಯಾಕೆ ಮಕ್ಕಳಿಲ್ಲ ಅಂದ್ರೆ ಬೆಳಿಗ್ಗೆ ಏಳೂವರೆಗೆ ಪೇಟೆ ಇಂಗ್ಲಿಷ್ ಮೀಡಿಯಂ ಶಾಲೆಯ ಹಳದಿ ವ್ಯಾನ್ ಬಂದು ಎಲ್ಲರನ್ನೂ ತುಂಬ್ಕೊಂಡು ಹೋಗ್ತದೆ. ಎಲ್ಲರನ್ನೂ ಅಂದೆ, ಎಲ್ಲರೂ ಅಲ್ಲ. ಕಾಲು ಸ್ವಾಧೀನ ಇಲ್ಲದ ಹುಡುಗಿ ಹತ್ತಲ್ಲ, ಫಿಟ್ಸ್ ಬರೋ ಹುಡುಗನ್ನ ಡ್ರೈವರ್ ಹತ್ತಿಸ್ಕೊಳಲ್ಲ, ಹಸಲರ (ಇಲ್ಲಿನ ಬುಡಕಟ್ಟು ಜನ) ಕೇರಿಯ ಮಕ್ಕಳ ಹತ್ರ ವ್ಯಾನ್ ಫೀಸಿಗೆ ದುಡ್ಡಿಲ್ಲ, ಬಯಲುಸೀಮೆಯಿಂದ ತೋಟದ ಕೆಲಸಕ್ಕೆ ಬಂದವರ ಮಕ್ಕಳನ್ನಂತೂ ಯಾರೂ ಕೇಳೋದೇ ಇಲ್ಲ. ಅಡಿಕೆ ಮಂಡಿಯಲ್ಲಿ ರಾಶಿ ಬೇರೆ, ಬೆಟ್ಟೆ ಬೇರೆ, ಗೊರಬಲು ಬೇರೆ ಮಾಡ್ತಾರಲ್ಲ, ಹಾಗೆ ದಿನಾ ಬೆಳಿಗ್ಗೆ ನಮ್ಮೂರ ಮಕ್ಕಳನ್ನ ಆ ವ್ಯಾನ್ ಹೆಕ್ಕಿ ಬೇರೆ ಮಾಡ್ತಿತ್ತು. ವ್ಯಾನಿನವನ ತಪ್ಪೇನಿಲ್ಲ ಬಿಡು, ಅವನದ್ದು ಡ್ಯೂಟಿ. ಆದ್ರೆ ಉಳಿದವರಿಗೆ ಊರಲ್ಲಿ ಶಾಲೆಯೇ ಇಲ್ದಂಗಾಯ್ತಲ್ಲ.

ಕಾನೂನು ಚೆನ್ನಾಗೇ ಇದೆ ಮಾರಾಯ್ತಿ. 2009ರ ಶಿಕ್ಷಣ ಹಕ್ಕು ಕಾಯ್ದೆ, 2010 ಏಪ್ರಿಲ್ 1ರಿಂದ ಜಾರಿ, ಅದರ ಕೆಳಗಿನ ರೂಲ್ಸ್ ಪ್ರಕಾರ 1ರಿಂದ 5ನೇ ಕ್ಲಾಸಿನ ಮಕ್ಕಳಿಗೆ 1 ಕಿಲೋಮೀಟರ್ ಒಳಗೆ ಶಾಲೆ ಇರ್ಬೇಕು, ಗುಡ್ಡ ಜರಿಯೋ, ನೆರೆ ಬರೋ ಜಾಗ ಆದ್ರೆ ಇನ್ನೂ ಹತ್ರ ಇರ್ಬೇಕು. ನಮಗೆ ಈಗ ಹತ್ರದ ಶಾಲೆ ಹೊಳೆ ಆಚೆ, ಮಧ್ಯ ಕಾಲುಸಂಕ, ಮಳೆಗಾಲದಲ್ಲಿ ದೊಡ್ಡವರೇ ದೇವರ ಹೆಸರು ಹೇಳ್ಕೊಂಡು ದಾಟ್ತಾರೆ. ಮುಚ್ಚಿದ ಶಾಲೇನೇ ಮತ್ತೆ ತೆಗೀರಿ ಅಂತ ನಾವು ಮೊದಲು ಕೇಳಿದ್ದು. ಅಷ್ಟು ಮಕ್ಕಳನ್ನ ತೋರಿಸಿ ಅಂದ್ರು, ತೋರಿಸೋಣ ಅಂದ್ರೆ ವ್ಯಾನ್ ಹತ್ತೋರ ಅಪ್ಪ ಅಮ್ಮ ಸಹಿ ಹಾಕ್ಲಿಲ್ಲ, ಹತ್ತದೇ ಇರೋರನ್ನ ಮಾತ್ರ ಲೆಕ್ಕ ಹಾಕಿದ್ರೆ ಸಾಲ್ತಿರ್ಲಿಲ್ಲ. ಆಮೇಲೇ ಟ್ರಸ್ಟ್ ಮಾಡಿದ್ದು. ನಾಳೆ ಸರ್ಕಾರ ಆ ಶಾಲೆ ತೆಗೆದ್ರೆ ನಾನಂತೂ ಖುಷಿಯಿಂದ ಬೀಗದ ಕೈ ಕೊಟ್ಟು ಮನೇಲಿ ಕೂರ್ತೀನಿ.

ಟ್ರಸ್ಟ್ ರಿಜಿಸ್ಟರ್, 1983ರ ಶಿಕ್ಷಣ ಕಾಯ್ದೆ ಕೆಳಗೆ ಶಾಲೆ ನೋಂದಣಿ, ಬೆಂಕಿ ಸುರಕ್ಷತೆ ಸರ್ಟಿಫಿಕೇಟು, ಕಟ್ಟಡದ ಸರ್ಟಿಫಿಕೇಟು, ಶಾಲೆಗೆ ಸರ್ಕಾರ ಕೊಡೋ ಯೂಡೈಸ್ ಕೋಡು, ಅದೆಲ್ಲ ಓಡಾಟ ಬರೀತಾ ಕೂತ್ರೆ ನಿಂಗೆ ನಿದ್ದೆ ಬರ್ತದೆ, ಬಿಡ್ತೀನಿ.

ಕಟ್ಟಡದ ಕಥೆ ಕೇಳು. ಹಳೆ ಅಕ್ಕಿ ಮಿಲ್ ಇತ್ತಲ್ಲ, ನೀನು ಚಿಕ್ಕೋಳಿದ್ದಾಗ ಅಪ್ಪನ ಜೊತೆ ಗಾಡೀಲಿ ಭತ್ತ ತಗೊಂಡು ಹೋಗ್ತಿದ್ದೆ, ಅದು. ಒಳಗೆ ಒಂದೇ ಮಟ್ಟದ ನೆಲ, ಹೊಸಿಲಿಲ್ಲ, ಅಗಲ ಬಾಗಿಲು. ತೊಂದರೆ ಅಂದ್ರೆ ಮೂಟೆ ಇಳಿಸೋಕೆ ಮುಂದೆ ಎರಡೂವರೆ ಅಡಿ ಎತ್ತರದ ಕಟ್ಟೆ. ಗಾಲಿಕುರ್ಚಿ ಹತ್ತೋಕೆ ಇಳಿಜಾರು ದಾರಿ ಬೇಕು. ರ‍್ಯಾಂಪಿನ ಲೆಕ್ಕ 1:12, ಅಂದ್ರೆ ಒಂದಡಿ ಏರೋಕೆ 12 ಅಡಿ ಉದ್ದ ಬೇಕು, ಎರಡೂವರೆ ಅಡಿಗೆ 30 ಅಡಿ. ಮೇಸ್ತ್ರಿ ನಕ್ಕ, ಅಮ್ಮಾ ಹತ್ತಡಿ ಮಾಡಿದ್ರೆ ಸ್ಕೂಟರ್ರೇ ಹತ್ತುತ್ತೆ ಅಂದ. ಸ್ಕೂಟರಿಗೆ ಇಂಜಿನ್ ಇದೆ ಕಣಪ್ಪ, ಕಾಲು ಸ್ವಾಧೀನ ಇಲ್ಲದ ಹುಡುಗಿ ತನ್ನ ಕೈಯಲ್ಲೇ ಗಾಲಿ ತಿರುಗಿಸ್ಬೇಕು ಅಂದೆ. ಸುಮ್ಮನಾದ, ಆಮೇಲೆ ಅವನೇ ಒಂದು ಮಾತು ಹೇಳಿದ ನೋಡು, ಇಂಜಿನಿಯರ್ ಪ್ಲಾನಲ್ಲಿ ಇಲ್ಲದ್ದು. ಸಿಮೆಂಟ್ ನುಣ್ಣಗೆ ಮಾಡಿದ್ರೆ ಆಷಾಢದೊಳಗೆ ಹಾವಸೆ ಕಟ್ತದೆ, ಗಾಲಿ ಇರ್ಲಿ ನೀವೇ ಜಾರಿ ಬೀಳ್ತೀರಿ ಅಂತ. ಅಂಗಳದಲ್ಲಾದ್ರೆ ನಾವು ಅಡಿಕೆ ದಬ್ಬೆ ಹಾಸ್ತೀವಿ, ಅದರ ಮೇಲೆ ಗಾಲಿ ಓಡಲ್ವಲ್ಲ. ಕೊನೆಗೆ ಹಸಿ ಸಿಮೆಂಟಿನ ಮೇಲೆ ಅಡ್ಡಡ್ಡ ಗೀರು ಎಳೆದು, ಮಧ್ಯ ದಣಿವಾರಿಸ್ಕೊಳೋಕೆ ಒಂದು ಸಮತಟ್ಟು ಜಾಗ ಬಿಟ್ಟು, ಪೂರ್ತಿ ಉದ್ದಕ್ಕೂ ಮೇಲೆ ಮಾಡು ಇಳಿಸಿದ್ವಿ. ಈಗ ಮಳೆ ಬಂದ್ರೆ ಇಡೀ ಶಾಲೆ ಮಕ್ಕಳು ಆಡೋದು ಆ ರ‍್ಯಾಂಪ್ ಮೇಲೇ.

ಮಾಡಿನದ್ದು ಇನ್ನೊಂದು ರಾಮಾಯಣ. ಮಿಲ್ಲಿನ ಹಳೇ ಹೆಂಚು ತೆಗೆದು ಶೀಟ್ ಹಾಕ್ಸೋಣ, ಮಂಗ ಒಡೆಯಲ್ಲ, ಸೋರಲ್ಲ, ಖರ್ಚೂ ಕಮ್ಮಿ ಅಂತ ಟ್ರಸ್ಟಲ್ಲಿ ಎಲ್ಲರೂ ಒಂದೇ ಪಟ್ಟು. ಕೆಳಗಿನ ಮನೆಯವರ ಮೊಮ್ಮಗ ಒಬ್ಬ ಕಿವಿಗೆ ಮಿಷನ್ ಹಾಕ್ಕೊಳ್ತಾನೆ, ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಕರ್ಕೊಂಡು ಹೋಗಿ ಟೆಸ್ಟ್ ಮಾಡ್ಸಿದ್ದು. ಅವನ ಅಮ್ಮ ಮೀಟಿಂಗಲ್ಲಿ ಹಿಂದೆ ಕೂತೋಳು ಎದ್ದು ಹೇಳಿದ್ಲು, ಶೀಟ್ ಹಾಕಿದ್ರೆ ಜೂನಿಂದ ಸೆಪ್ಟೆಂಬರ್ ತನಕ ನನ್ ಮಗ ಮನೇಲೇ ಇರ್ತಾನೆ ಅಂತ. ಯಾಕೆ ಅಂತ ಯಾರಿಗೂ ಹೊಳೀಲಿಲ್ಲ. ಆ ಮಿಷನ್ನು ಟೀಚರ್ ಮಾತನ್ನ ಮಾತ್ರ ಆರಿಸಿ ಕೇಳಿಸಲ್ಲ ಪುಟ್ಟಿ, ಶೀಟಿನ ಮೇಲೆ ಬೀಳೋ ಮಳೆ ಸದ್ದನ್ನೂ ದೊಡ್ಡದು ಮಾಡಿ ಕಿವಿಯೊಳಗೆ ಹಾಕ್ತದೆ. ನಾನು ಅಷ್ಟು ವರ್ಷ ಮೇಷ್ಟ್ರಗಿರಿ ಮಾಡಿದೋಳು, ಟ್ರೈನಿಂಗಲ್ಲಿ ಮಾಡ್ಯೂಲ್ ಮೇಲೆ ಮಾಡ್ಯೂಲ್ ಓದಿದೋಳು, ಆ ಒಂದು ಮಾತು ಯಾವ ಮಾಡ್ಯೂಲಲ್ಲೂ ನೋಡಿಲ್ಲ. ಹೆಂಚೇ ಉಳೀತು, ಕೆಳಗೆ ಹಲಗೆ ಸೀಲಿಂಗ್ ಆಯ್ತು, ಸೀಲಿಂಗಲ್ಲಿ ಅಲ್ಲಲ್ಲಿ ಕಂಡಿ ಬಿಟ್ಟು ಮೇಲೆ ಗಾಜಿನ ಹೆಂಚು ಕೂರಿಸಿದ್ವಿ. ಯಾಕಂದ್ರೆ ಕರೆಂಟ್ ಹೋದ್ರೆ ಇಲ್ಲಿ ಯಾವಾಗ ಬರ್ತದೋ ದೇವರೇ ಬಲ್ಲ, ಆ ಹುಡುಗ ಅರ್ಧ ಕೇಳೋದು ತುಟಿ ನೋಡಿ, ಕತ್ತಲೆ ಆದ್ರೆ ಅದೂ ಹೋಯ್ತು. ಟೀಚರ್‌ಗಳಿಗೆ ಹೇಳಿದೀನಿ, ಕಿಟಕಿಗೆ ಬೆನ್ನು ಹಾಕಿ ನಿಲ್ಬೇಡಿ, ಬೆಳಕು ನಿಮ್ಮ ಮುಖದ ಮೇಲೆ ಬೀಳ್ಲಿ, ಬೋರ್ಡ್ ಕಡೆ ತಿರುಗಿ ಮಾತಾಡ್ಬೇಡಿ ಅಂತ. ಇದರಿಂದ ಉಳಿದ ಮಕ್ಕಳಿಗೂ ಪಾಠ ಚೆನ್ನಾಗಿ ಕೇಳ್ತದೆ, ನಷ್ಟ ಏನೇ ಇದರಲ್ಲಿ?

ಟಾಯ್ಲೆಟ್ ವಿಷಯ ಬರೀಲೇಬೇಕು, ಮುಖ ಕಿವುಚ್ಬೇಡ. ಗಾಲಿಕುರ್ಚಿ ಹುಡುಗಿ ಹಿಂದೆ ಒಂದಷ್ಟು ದಿನ ಬೇರೆ ಕಡೆ ಶಾಲೆಗೆ ಹೋಗಿದ್ಲು, ಅಲ್ಲಿ ಬೆಳಿಗ್ಗೆಯಿಂದ ಸಂಜೆ ತನಕ ನೀರೇ ಕುಡೀತಿರ್ಲಿಲ್ವಂತೆ. ಕುಡಿದ್ರೆ ಹೋಗ್ಬೇಕು, ಹೋಗೋಕೆ ಯಾರಾದ್ರೂ ಎತ್ಬೇಕು, ಎತ್ತಿ ಅಂತ ಕೇಳೋಕೆ ನಾಚಿಕೆ. ಆರು ವರ್ಷದ ಮಗು ಕಣೇ, ಇಷ್ಟೆಲ್ಲ ಲೆಕ್ಕ ಹಾಕಿ ಬಾಯಾರ್ಕೊಂಡು ಕೂರೋದು. ನಮ್ಮಲ್ಲಿ ಒಂದು ಟಾಯ್ಲೆಟ್ಟಿಗೆ ಮೂರಡಿ ಬಾಗಿಲು, ಹೊರಗೆ ತೆರೆಯೋ ಹಾಗೆ, ಒಳಗೆ ಕುರ್ಚಿ ತಿರುಗಿಸೋಷ್ಟು ಜಾಗ, ಕಮೋಡು, ಎರಡೂ ಕಡೆ ಹಿಡ್ಕೊಳೋಕೆ ಪೈಪು. ಎಲ್ಲ ಕೆಲಸದಲ್ಲೂ ಇದಕ್ಕೇ ಜಾಸ್ತಿ ಜಗಳ ಆಯ್ತು, ಒಂದು ಮಗುವಿಗೋಸ್ಕರ ಇಷ್ಟು ಖರ್ಚಾ ಅಂತ. ಈಗ ಮೀಟಿಂಗಿಗೆ ಬರೋ ಮಂಡಿ ನೋವಿನ ಅಜ್ಜಿಯರೆಲ್ಲ ಹುಡುಕ್ಕೊಂಡು ಹೋಗೋದು ಅದಕ್ಕೇ!

ಈಗ ನಿನ್ನ ಪ್ರಶ್ನೆ. ಹಿಂದೆ ಬೀಳೋದು ಅನ್ನೋದು ಯಾವಾಗ ಬರ್ತದೆ? ಎಲ್ಲರೂ ಒಂದೇ ದಿನ ಒಂದೇ ಪುಟದಲ್ಲಿ ಇರ್ಬೇಕು ಅಂದಾಗ. ನಮ್ಮಲ್ಲಿರೋದು ಸರ್ಕಾರಿ ಶಾಲೆಗಳ ನಲಿ ಕಲಿ ಪದ್ಧತಿ, ಆ ಕ್ಲಾಸಲ್ಲಿ ಹಾಗಿಲ್ವಲ್ಲ. 1995ರಲ್ಲಿ ಎಚ್.ಡಿ. ಕೋಟೆ ಕಡೆ ಶುರುವಾಗಿ 2009ಕ್ಕೆ ಇಡೀ ರಾಜ್ಯಕ್ಕೆ ಬಂದಾಗ ನಾವೆಲ್ಲ ಬೈಕೊಂಡೇ ಟ್ರೈನಿಂಗಿಗೆ ಹೋಗಿದ್ದು, ಬೇರೆ ಬೇರೆ ಕ್ಲಾಸು ಒಟ್ಟಿಗೆ ಕೂರಿಸಿ ಎಂಥ ಪಾಠ ಮಾಡೋದು ಅಂತ. ಮಾಡ್ತಾ ಮಾಡ್ತಾ ಗೊತ್ತಾಯ್ತು. ಪಾಠಗಳನ್ನ ಮೆಟ್ಟಿಲು ಮೆಟ್ಟಿಲಾಗಿ ತೋರಿಸೋ ಕಲಿಕಾ ಏಣಿ ಗೋಡೆ ಮೇಲಿರ್ತದೆ, ಮಗು ತನ್ನ ಮೆಟ್ಟಿಲು ನೋಡ್ಕೊಂಡು ತನ್ನ ಕಾರ್ಡ್ ತಗೊಂಡು ತನ್ನ ಗುಂಪಲ್ಲಿ ಕೂರ್ತದೆ. ಬೇಗ ಹೋಗೋನು ಹೋಗ್ತಾ ಇರ್ತಾನೆ, ಅವನನ್ನ ಹಿಡಿದು ನಿಲ್ಸೋರಿಲ್ಲ. ನಿಧಾನದೋನು ಅದೇ ಮೆಟ್ಟಿಲಲ್ಲಿ ನಾಲ್ಕು ದಿನ ಇದ್ರೂ ಪಕ್ಕದೋನಿಗೆ ಅದು ಗೊತ್ತೇ ಆಗಲ್ಲ. ಒಳ್ಳೇ ಟೀಚರ್ ಇದ್ದು ಮಕ್ಕಳು ಕಮ್ಮಿ ಇದ್ರೆ ಇದು ನಡೀತದೆ, ಐವತ್ತು ಮಕ್ಕಳಿಗೆ ಒಬ್ರೇ ಆದ್ರೆ ಯಾವ ಪದ್ಧತೀನೂ ನಡಿಯಲ್ಲ, ಅದನ್ನೂ ಹೇಳ್ತೀನಿ. ನಮ್ಮಲ್ಲಿ ಈಗ ಇಪ್ಪತ್ತು ಚಿಲ್ಲರೆ ಮಕ್ಕಳು, ಡಿ.ಎಡ್ ಮಾಡಿದ ಇಬ್ರು ಹುಡುಗೀರು, ಮೇಲೆ ನಾನು.

ಎಲ್ಲ ಸುಸೂತ್ರ ಅಂತ ತಿಳ್ಕೋಬೇಡ. ಆಟಿಸಂ ಇರೋ ಒಬ್ಬ ಹುಡುಗ ಗಂಟೆ ಹೊಡೆದ ಕೂಡ್ಲೇ ಕಿವಿ ಮುಚ್ಕೊಂಡು ಕಿರುಚ್ತಿದ್ದ, ಕಬ್ಬಿಣದ ಹಳಿ ತುಂಡಿನ ಗಂಟೆ ನೋಡು, ಠಣ್ ಅಂದ್ರೆ ನಂಗೇ ತಲೆ ನೋವು. ಅದನ್ನ ತೆಗೆದು, ಈಗ ಪೀರಿಯಡ್ ಮುಗಿಯೋ ಸ್ವಲ್ಪ ಮೊದಲು ಅವನ ಕೈಲೇ ಹಳದಿ ಕಾರ್ಡ್ ಎತ್ತಿಸ್ತೀವಿ. ಹಾಗಂತ ಕಿರುಚೋದು ನಿಂತಿಲ್ಲ, ಕಮ್ಮಿ ಆಗಿದೆ ಅಷ್ಟೆ. ಕೆಲವು ದಿನ ಟೀಚರ್ ಅಳುಮುಖ ಮಾಡ್ಕೊಂಡು ಹೋಗ್ತಾರೆ. ಭಾರತೀಯ ಪುನರ್ವಸತಿ ಪರಿಷತ್ತಿನ (ಆರ್‌ಸಿಐ) ರಿಜಿಸ್ಟ್ರೇಷನ್ ಇರೋ ಸ್ಪೆಷಲ್ ಟೀಚರ್ ಈ ಕಾಡಿಗೆ ಯಾರೂ ಬರಲ್ಲ, ಕೇಳಿ ಕೇಳಿ ಸಾಕಾಯ್ತು. ಇನ್ನೊಂದು ನನ್ನ ಮನಸ್ಸಲ್ಲಿರೋದು, ಪೂರ್ತಿ ಕಿವಿ ಕೇಳದ ಮಗು ಬಂದ್ರೆ ಸೇರಿಸ್ಕೋಬೇಕಾ ಅಂತ. ಕಾನೂನು ಸೇರಿಸ್ಕೋ ಅಂತದೆ, ನಾವು ಬೇಡ ಅನ್ನಲ್ಲ. ಆದ್ರೆ ಸನ್ನೆ ಭಾಷೆ ಬರೋರು ಒಬ್ರೂ ಇಲ್ದೆ ಇಷ್ಟು ಮಾತಾಡೋ ಮಕ್ಕಳ ಮಧ್ಯ ಅದೊಂದೇ ಕೂತ್ರೆ ಅದನ್ನ ಕೂಡಿ ಕಲಿಯೋದು ಅಂತಾರಾ? ಅಂಥ ಮಗುವಿಗೆ ತನ್ನಂಥ ನಾಲ್ಕು ಮಕ್ಕಳಿರೋ ಶಾಲೇನೇ ಒಳ್ಳೇದಿರ್ಬಹುದು. 2016ರ ಅಂಗವಿಕಲರ ಹಕ್ಕು ಕಾಯ್ದೇಲೂ ಹತ್ತಿರದ ಶಾಲೆ ಅಥವಾ ಸ್ಪೆಷಲ್ ಶಾಲೆ, ಯಾವುದು ಬೇಕೋ ಆರಿಸ್ಕೊಳಿ ಅಂತಾನೇ ಇರೋದು. ನಾವು ಎಲ್ಲದಕ್ಕೂ ಉತ್ತರ ಅಂತ ಬೋರ್ಡ್ ಹಾಕ್ಕೊಂಡಿಲ್ಲ.

ಹಾಂ, ಅದೇ ಕಾಯ್ದೇಲಿ 21 ಥರದ ಅಂಗವೈಕಲ್ಯ ಲೆಕ್ಕಕ್ಕೆ ಬರ್ತದೆ, 1995ರ ಹಳೇ ಕಾಯ್ದೇಲಿ ಬರೀ 7 ಇತ್ತು. ಯುಡಿಐಡಿ ಕಾರ್ಡ್, ಅಂದ್ರೆ ಅಂಗವಿಕಲರಿಗೆ ಸರ್ಕಾರ ಕೊಡೋ ಗುರುತಿನ ಚೀಟಿ, ಇದ್ರೆ ಸೌಲಭ್ಯಕ್ಕೆಲ್ಲ ಅನುಕೂಲ, ಆದ್ರೆ ಸೇರಿಸ್ಕೊಳೋಕೆ ನಾವು ಕಾರ್ಡ್ ಕೇಳಲ್ಲ. ಮಗುನ್ನ ಎತ್ಕೊಂಡು ಡಾಕ್ಟರ್ ತಪಾಸಣೆಗೆ ಓಡಾಡೋದು ಅಂದ್ರೆ ಕೂಲಿ ಮಾಡೋ ತಾಯಿಗೆ ದಿನದ ಸಂಬಳ ಹೋಯ್ತು, ಬಸ್ ಚಾರ್ಜ್ ಹೋಯ್ತು (ಹೆಂಗಸರಿಗೆ ಸರ್ಕಾರಿ ಬಸ್ ಫ್ರೀ, ನಮ್ಮ ಕಡೆ ಓಡೋದು ಪ್ರೈವೇಟ್ ಬಸ್ಸೇ ತಾನೆ). ಮೊದಲು ಮಗು ಬರ್ಲಿ, ಕಾರ್ಡ್ ನಿಧಾನಕ್ಕೆ ಆಗ್ಲಿ.

ಊಟದ್ದು ಕೇಳಿದ್ರೆ ನಗ್ತೀಯ, ಇಲ್ಲ, ಸಿಟ್ಟೇ ಬರ್ಬಹುದು. ನಮ್ಮದು ಅನುದಾನ ಇಲ್ಲದ ಶಾಲೆ, ಅಕ್ಷರ ದಾಸೋಹ ಬರಲ್ಲ, ಹಾಗಾಗಿ ಮನೆ ಮನೆಯಿಂದ ಅಕ್ಕಿ ಕಾಯಿ ತರಕಾರಿ ಸೇರಿಸಿ ಇಲ್ಲೇ ಅಡಿಗೆ. ಫೀಸು ಕೊಡೋಕಾಗದೋರು ಸೌದೆ ತಂದು ಹಾಕ್ತಾರೆ, ವಾರಕ್ಕೊಂದಿನ ಪಾತ್ರೆ ತೊಳೀತಾರೆ. ಶುರುವಾಗೋ ಮೊದ್ಲೇ ಒಬ್ರು ಮನೆಗೆ ಬಂದು, ಕಾಫಿ ಕುಡಿದು, ಅದು ಇದು ಮಾತಾಡಿ, ಹೊರಡೋವಾಗ ಚಪ್ಪಲಿ ಮೆಟ್ತಾ ಕೇಳಿದ್ರು, ಅಡಿಗೆಗೆ ಯಾರು ಅಂತ. ಹಸಲರ ಕೇರಿಯವಳು ಅಂದೆ. ರ‍್ಯಾಂಪಿಗೆ ಐದು ಸಾವಿರ ಕೊಟ್ಟ ಮನುಷ್ಯ ಕಣೇ. ಗಾಲಿಕುರ್ಚಿ ಒಳಗೆ ಬರ್ಬೇಕು, ಆದ್ರೆ ಅವಳ ಕೈಯೂಟ ಬೇಡ, ಇದು ಯಾವ ಲೆಕ್ಕ? ಅವರ ಮೊಮ್ಮಕ್ಕಳಿಬ್ರು ಇನ್ನೂ ವ್ಯಾನಲ್ಲೇ ಹೋಗ್ತಿದಾರೆ. ಕೆಸುವಿನ ಸೊಪ್ಪಿನ ಸಾರು ಅವಳು ಮಾಡ್ದಂಗೆ ನಾನೂ ಮಾಡಲ್ಲ, ನಷ್ಟ ಆ ಮಕ್ಕಳಿಗೆ.

ಆ ವ್ಯಾನ್ ಹತ್ತೋ ಮಕ್ಕಳು ಬರ್ಬೇಕು ಪುಟ್ಟಿ, ನಂಗೆ ಈಗ ಇರೋ ಚಿಂತೆ ಅದೊಂದೇ. ಅವರು ಬರ್ಲಿಲ್ಲ ಅಂದ್ರೆ ಇದು ವ್ಯಾನ್ ಬಿಟ್ಟು ಹೋದವರ ಶಾಲೆ ಆಗಿ ಉಳೀತದೆ, ಊರವರು ಬಾಯಿಬಿಟ್ಟು ಹೇಳ್ದೇ ಇದ್ರೂ ಹಾಗೇ ನೋಡ್ತಾರೆ. ಈ ಗಾಲಿಕುರ್ಚಿ ಹುಡುಗಿ ನಾಳೆ ದೊಡ್ಡೋಳಾಗಿ ಇದೇ ಊರಲ್ಲಿ ಸೊಸೈಟಿಗೆ, ಪಂಚಾಯ್ತಿಗೆ, ಮದುವೆ ಮನೆಗೆ ಹೋಗ್ಬೇಕು, ಅಲ್ಲೆಲ್ಲ ಇರೋರು ಇವತ್ತು ವ್ಯಾನಲ್ಲಿ ಹೋಗೋ ಮಕ್ಕಳೇ ತಾನೆ. ಅವಳ ಜೊತೆ ಕೂತು ಉಂಡೋರು ಆವಾಗ ಮೆಟ್ಟಿಲು ನೋಡಿದ ಕೂಡ್ಲೇ ಅವಳನ್ನ ನೆನಪು ಮಾಡ್ಕೊಳ್ತಾರೆ, ಉಣ್ಣದೋರು ಅಯ್ಯೋ ಪಾಪ ಅಂತಾರೆ. ಮೇಲಿನ ಮನೆ ಅವಳಿ ಮಕ್ಕಳನ್ನ ಅವರಮ್ಮ ಈ ಸಲ ವ್ಯಾನ್ ಬಿಡಿಸಿ ಕಳ್ಸಿದಾಳೆ. ಪ್ರೀತಿಗೇನಲ್ಲ, ಬೆಳಿಗ್ಗೆ ಆರಕ್ಕೆ ಎಬ್ಬಿಸೋದು ತಪ್ಪಿತಲ್ಲ ಅಂತ! ಆಗ್ಲಿ, ಕಾರಣ ಯಾವುದಾದ್ರೂ ಆಗ್ಲಿ.

ನಿನ್ನ ಮಗನ್ನ ಇಲ್ಲಿಗೆ ಸೇರ್ಸು ಅಂತ ನಾನು ಹೇಳ್ತಿಲ್ಲ, ನಿಂಗೆ ಬೆಂಗಳೂರಲ್ಲಿ ಕೆಲಸ ಇದೆ. ದಸರಾ ರಜೆ ನಿಮ್ಮ ಶಾಲೇಲಿ ಬೇರೆ ಡೇಟು, ನಮ್ಮದು ಬೇರೆ ಇರ್ತದೆ, ಆ ಸಂದೀಲಿ ನಾಲ್ಕು ದಿನ ಇಲ್ಲಿ ಕ್ಲಾಸಲ್ಲಿ ಕೂರ್ಲಿ. ಅವನು ಹಿಂದೆ ಬೀಳ್ತಾನಾ ಅಂತ ನೀನೇ ನೋಡು, ನಾನು ಏನೂ ಹೇಳಲ್ಲ.

ಚೌತಿಗೆ ಬರ್ವಾಗ ಸಿಲಿಕಾ ಜೆಲ್ ಪ್ಯಾಕೆಟ್ ಜಾಸ್ತಿ ತಗೊಂಡ್ಬಾ, ಶೂ ಡಬ್ಬೀಲಿ ಬರ್ತದಲ್ಲ ಚಿಕ್ಕ ಚಿಕ್ಕದು, ನಿಮ್ಮ ಆಫೀಸಲ್ಲಿ ಎಲ್ಲರ ಹತ್ರ ಕೇಳಿಡು. ಈ ಥಂಡಿಗೆ ಕಿವಿ ಮಿಷನ್ ರಾತ್ರಿ ಡಬ್ಬೀಲಿ ಅದರ ಜೊತೆ ಇಟ್ರೆ ಮಾತ್ರ ಬಾಳಿಕೆ ಬರ್ತದೆ. ದಪ್ಪ ಪೆನ್ಸಿಲ್ಲು ಒಂದೆರಡು ಡಜನ್, ಕೈ ಗಟ್ಟಿ ಇಲ್ಲದ ಮಕ್ಕಳಿಗೆ ಹಿಡಿಯೋಕೆ ಸುಲಭ. ಆಮೇಲೆ ಕಾರಲ್ಲಿ ಬರ್ಬೇಡಿ ಅಂತ ಅಪ್ಪ ಹೇಳ್ತಿದಾರೆ, ಹೊಳೆ ಹತ್ರ ರೋಡ್ ಅರ್ಧ ಕುಸಿದಿದೆ, ತೀರ್ಥಹಳ್ಳಿ ತನಕ ರಾತ್ರಿ ಬಸ್ಸಿಗೆ ಬನ್ನಿ, ಅಲ್ಲಿಂದ ಜೀಪ್ ಹೇಳಿಡ್ತಾರಂತೆ.

ಅಮ್ಮ