ಬೇಸ್‌ಬಾಲ್ ಅಂಕಪಟ್ಟಿಗೆ ಇನ್ನೊಂದು ಕಾಲಂ ಬೇಕು

ಮಾನ್ಯ ಸಂಪಾದಕರೇ,

ರಾಷ್ಟ್ರೀಯ ತಂಡಗಳ ಬೇಸ್‌ಬಾಲ್ ಟೂರ್ನಿ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್ ನಡೆಯುವಾಗ ಟೋಕಿಯೊದಿಂದ ಮಯಾಮಿವರೆಗೆ ಕ್ರೀಡಾಂಗಣಗಳು ಕಿಕ್ಕಿರಿಯುತ್ತವೆ. ಮುಂಬಯಿ ಕನ್ನಡಿಗರಲ್ಲೂ ಅದನ್ನು ನೋಡುವವರಿದ್ದೇವೆ. ನಮಗೆ ಗೆಲುವು-ಸೋಲಿನ ಪಟ್ಟಿಯಷ್ಟೇ ಸಾಲದು.

2023ರಲ್ಲಿ ತೈವಾನ್‌ನ ತೈಚುಂಗ್‌ನಲ್ಲಿ ಆಡಿದ ‘ಎ’ ಗುಂಪಿನ ಐದೂ ತಂಡಗಳು ಎರಡು ಗೆದ್ದು ಎರಡು ಸೋತವು. ಬಿಟ್ಟುಕೊಟ್ಟ ರನ್‌ಗಳನ್ನು ಫೀಲ್ಡಿಂಗ್‌ನಲ್ಲಿ ಪಡೆದ ಔಟ್‌ಗಳಿಂದ ಭಾಗಿಸಿ ನೋಡಿದಾಗ, ಕಡಿಮೆ ಅಂಕಿ ಬಂದ ಕ್ಯೂಬಾ, ಇಟಲಿ ಮುಂದೆ ಹೋದವು. ಆತಿಥೇಯ ಚೈನೀಸ್ ತೈಪೆಗೆ (ತೈವಾನ್ ತಂಡ) ಕೊನೆಯ ಸ್ಥಾನ. ಇದು ಕ್ರಿಕೆಟ್‌ನ ನೆಟ್ ರನ್ ರೇಟ್ ಅಲ್ಲ, ಹೊಡೆದ ರನ್ ಇಲ್ಲಿ ಲೆಕ್ಕಕ್ಕೇ ಇಲ್ಲ. ಸೋಲು ಖಚಿತವಾದ ಮೇಲೂ ಒಂದೊಂದು ರನ್ ತಡೆಯಲು ಹೆಣಗುವುದು ಅದಕ್ಕೇ. ಎಷ್ಟು ಸೊಗಸಾದ ಹೋರಾಟವದು! ಬಿಟ್ಟುಕೊಟ್ಟ ರನ್, ಪಡೆದ ಔಟ್ – ಈ ಎರಡು ಅಂಕಿಗಳನ್ನು ಪಟ್ಟಿಯಲ್ಲಿ ಸೇರಿಸಿ.

ಚೆನ್ನಾಗಿ ಎಸೆಯುತ್ತಿರುವ ಪಿಚರ್‌ನನ್ನು (ಚೆಂಡೆಸೆಯುವ ಆಟಗಾರನನ್ನು) ಹೊರಗೆ ಕರೆದರೆ ಹೊಸಬರು ಗೊಂದಲಕ್ಕೀಡಾಗುತ್ತಾರೆ. ಆ ವರ್ಷ ಗುಂಪು ಹಂತದಲ್ಲಿ 65, ಕ್ವಾರ್ಟರ್‌ಫೈನಲ್‌ನಲ್ಲಿ 80, ನಂತರ 95 ಎಸೆತಗಳ ಮಿತಿಯಿತ್ತು. 50 ಮುಟ್ಟಿದವರಿಗೆ ನಾಲ್ಕು ದಿನ ಕಡ್ಡಾಯ ವಿಶ್ರಾಂತಿ. ಪಿಚರ್ ಹೆಸರಿನ ಮುಂದೆ ಎಸೆತದ ಸಂಖ್ಯೆ ಕೊಟ್ಟರೆ ಮುಂದಿನ ಪಂದ್ಯಕ್ಕೆ ಯಾರಿಲ್ಲ ಎಂಬುದು ತಿಳಿಯುತ್ತದೆ.

ಟೋಕಿಯೊದ ಸಂಜೆ 7ರ ಪಂದ್ಯ ನಮಗೆ ಮಧ್ಯಾಹ್ನ 3.30ಕ್ಕೆ. ಮಾರ್ಚ್ ಮಧ್ಯದ ನಂತರ ಮಯಾಮಿಯ ರಾತ್ರಿ 7 ಎಂದರೆ ಇಲ್ಲಿ ಮರುದಿನ ಬೆಳಗಿನ ಜಾವ 4.30. ವೇಳಾಪಟ್ಟಿಯನ್ನು ಭಾರತೀಯ ಸಮಯದಲ್ಲೇ ಮುದ್ರಿಸಿ.

– ಬೇಸ್‌ಬಾಲ್ ಪ್ರಿಯ ಓದುಗರು, ಮಾಟುಂಗಾ, ಮುಂಬಯಿ