ಸಂಬಳ ಹೋಲಿಸುವ ಮುನ್ನ ಲೆಕ್ಕ ಬಿಡಿಸಿ

ಮಾನ್ಯರೇ,

‘ವರ್ಷಕ್ಕೆ 6 ಲಕ್ಷ ಸಿಟಿಸಿ’ (ಒಬ್ಬ ನೌಕರರಿಗಾಗಿ ಕಂಪನಿ ಮಾಡುವ ಒಟ್ಟು ವೆಚ್ಚ) ಎಂದರೆ ತಿಂಗಳಿಗೆ 50,000 ಕೈಸೇರುತ್ತದೆ ಎಂದಲ್ಲ. ಮೂಲ ವೇತನ 3 ಲಕ್ಷವಿದ್ದು, ಆ ಪೂರ್ತಿ ಮೊತ್ತದ ಮೇಲೆ ಪಿಎಫ್ (ಭವಿಷ್ಯ ನಿಧಿ) ಕಟ್ಟುವುದಾದರೆ ಕಂಪನಿಯ ಪಾಲು ಶೇ 12ರಂತೆ 36,000, ಗ್ರಾಚ್ಯುಟಿ (ಕೆಲಸ ಬಿಡುವಾಗ ಸಿಗುವ ಸೇವಾ ಉಪಧನ) ಶೇ 4.81ರಂತೆ 14,430 ರೂಪಾಯಿ ಸಿಟಿಸಿಯೊಳಗೇ ಸೇರಿರುತ್ತವೆ. ನೌಕರರ ಪಾಲಿನ ಪಿಎಫ್ ಮತ್ತೆ 36,000 ಕಡಿತ. ಸಿಟಿಸಿಯಲ್ಲೇ 60,000 ಸಾಧನೆ ಆಧಾರಿತ ಬೋನಸ್ ಆಗಿದ್ದರೆ, ತಿಂಗಳಿಗೆ ಖಚಿತವಾಗಿ ಬರುವುದು ಸುಮಾರು 37,800. ವೃತ್ತಿ ತೆರಿಗೆ ಬೇರೆ.

ಆದ್ದರಿಂದ ಒಬ್ಬರ ಸಿಟಿಸಿಯನ್ನು ಇನ್ನೊಬ್ಬರ ಕೈಸಂಬಳದ ಜೊತೆ ಹೋಲಿಸಬೇಡಿ. ಅದೇ ಊರು, ಅದೇ ಕೆಲಸ, ಅಷ್ಟೇ ಅನುಭವ ಇರುವವರ ಖಚಿತ ವೇತನ ನೋಡಿ. ಸರಾಸರಿಯನ್ನೂ ನಂಬುವಂತಿಲ್ಲ: ಇಬ್ಬರ ಭಾರೀ ಸಂಬಳ ಅದನ್ನು ಮೇಲೆತ್ತುತ್ತದೆ. ಎಲ್ಲರ ಸಂಬಳವನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಜೋಡಿಸಿದಾಗ ನಡುವೆ ಬರುವ ಮೊತ್ತವೇ ಸರಿಯಾದ ಅಳತೆ.

ಉದ್ಯೋಗ ಜಾಹೀರಾತಿನಲ್ಲಿ ಖಚಿತ ವೇತನವನ್ನು ಪ್ರತ್ಯೇಕವಾಗಿ ನಮೂದಿಸುವುದನ್ನು ಸರ್ಕಾರ ಕಡ್ಡಾಯ ಮಾಡಲಿ.

– ವೇತನ ಲೆಕ್ಕ ನೋಡಿಕೊಳ್ಳುವ ನೌಕರರು, ಬೆಂಗಳೂರು