ಕ್ಲಿನಿಕಲ್ ಟ್ರಯಲ್ ಬಗ್ಗೆ: ಶ್ವಾಸಕೋಶದ ಕ್ಯಾನ್ಸರ್ ಇರುವವರ ಮನೆಯವರು ಓದಿ

ಎಲ್ಲರಿಗೂ ನಮಸ್ಕಾರ. ನಾಲ್ಕನೇ ಹಂತ ಅಂದ ಕೂಡಲೇ ಕೈಚೆಲ್ಲಿ ಕೂರಬೇಡಿ. ಕ್ಲಿನಿಕಲ್ ಟ್ರಯಲ್ ಅಂದರೆ ಹೊಸ ಔಷಧಿ ಅಥವಾ ಚಿಕಿತ್ಸೆಯನ್ನು ರೋಗಿಗಳ ಒಪ್ಪಿಗೆ ಪಡೆದು ಪರೀಕ್ಷಿಸಿ ನೋಡುವ ಅಧ್ಯಯನ. ಮಣಿಪಾಲಕ್ಕೋ ಮಂಗಳೂರಿಗೋ ತೋರಿಸಲು ಹೋದಾಗ, "ನಮಗೆ ಹೊಂದುವ ಟ್ರಯಲ್ ಎಲ್ಲಾದರೂ ಇದೆಯಾ?" ಎಂದು ಡಾಕ್ಟರನ್ನು ಬಾಯಿಬಿಟ್ಟು ಕೇಳಿ. ಹೊಸ ಚಿಕಿತ್ಸೆ ಶುರುವಾಗುವ ಮೊದಲೇ ಕೇಳಿ. ಕೆಲವು ಔಷಧಿ ಒಮ್ಮೆ ತೆಗೆದುಕೊಂಡರೆ ಎಷ್ಟೋ ಟ್ರಯಲ್‌ಗಳಿಗೆ ಸೇರಿಸಿಕೊಳ್ಳುವುದಿಲ್ಲ.

ಫೈಲಿನಲ್ಲಿ ಬಯಾಪ್ಸಿ ರಿಪೋರ್ಟ್ ಜೊತೆ, ಗಡ್ಡೆಗೆ ಯಾವ ಔಷಧಿ ಹೊಂದಬಹುದು ಎಂದು ತಿಳಿಸುವ ಇಜಿಎಫ್‌ಆರ್, ಎಎಲ್‌ಕೆ, ಪಿಡಿ-ಎಲ್1 ಪರೀಕ್ಷೆಗಳ ಫಲಿತಾಂಶವೂ ಇರಲಿ. ಬಯಾಪ್ಸಿಯ ಚೂರನ್ನು ಮೇಣದಲ್ಲಿ ಕೂರಿಸಿದ ಪುಟ್ಟ ಬ್ಲಾಕ್ ಲ್ಯಾಬಿನಲ್ಲಿರುತ್ತದೆ. ಮತ್ತೆ ಪರೀಕ್ಷೆಗೆ ಅದು ಬೇಕಾಗಬಹುದು, ಕೇಳಿ ಪಡೆಯಿರಿ.

"ಸುಮ್ನೆ ಸಕ್ಕರೆ ಮಾತ್ರೆ ಕೊಡ್ತಾರಂತೆ" ಎಂಬ ಹೆದರಿಕೆ ಹಲವರಿಗಿದೆ. ಕ್ಯಾನ್ಸರ್ ಟ್ರಯಲ್‌ಗಳಲ್ಲಿ ಸಾಮಾನ್ಯವಾಗಿ ಹಾಗಲ್ಲ. ಹೊಸ ಔಷಧಿ ಸಿಗದವರಿಗೂ ಈಗಿರುವ ಚಿಕಿತ್ಸೆ ಸಿಗುತ್ತದೆ. ಆದರೆ ಹೊಸದು ಕೆಲಸ ಮಾಡಿಯೇ ಮಾಡುತ್ತದೆ ಎಂಬ ಖಾತ್ರಿಯಿಲ್ಲ, ಅಡ್ಡ ಪರಿಣಾಮವೂ ಇರಬಹುದು.

ಒಪ್ಪಿಗೆ ಪತ್ರ ಕನ್ನಡದಲ್ಲೇ ಕೇಳಿ. ಅವಸರ ಬೇಡ, ಮನೆಯಲ್ಲಿ ಹಿರಿಯರಿಗೆ ತುಳುವಿನಲ್ಲೋ ಕೊಂಕಣಿಯಲ್ಲೋ ವಿವರಿಸಿ. ಸಹಿ ಹಾಕಿದ ಮೇಲೂ ಯಾವಾಗ ಬೇಕಾದರೂ ಹೊರಬರಬಹುದು. ಕೇಂದ್ರ ಸರ್ಕಾರದ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ಟ್ರಯಲ್‌ನಿಂದಲೇ ತೊಂದರೆಯಾದರೆ ಚಿಕಿತ್ಸೆಯೂ ಪರಿಹಾರವೂ ಸಿಗಬೇಕು.

ದೇಶದ ಟ್ರಯಲ್‌ಗಳ ಪಟ್ಟಿ ಸಿಟಿಆರ್‌ಐ (ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ - ಇಂಡಿಯಾ) ಜಾಲತಾಣದಲ್ಲಿದೆ. "ದುಡ್ಡು ಕಟ್ಟಿದರೆ ಸೇರಿಸುತ್ತೇವೆ" ಎಂಬ ಫಾರ್ವರ್ಡ್ ಬಂದರೆ ನಂಬಬೇಡಿ, ಈ ಗುಂಪಿಗೂ ಹಾಕಬೇಡಿ.